ಎರಡು ಸುತ್ತಿಗೆ, ಒಂದು ಪಿನ್ನು

ಹಂದನಕೆರೆ
೧೨-೧-೧೯೮೪

ನನ್ನ ತಂಗಿ ಗಿರಿಜಾಂಬಿಕೆಯ ಕೈಹಿಡಿದ ಪರಮಶಿವಯ್ಯನವರಿಗೆ, ನಿಮ್ಮ ಭಾವ ವೀರಭದ್ರಯ್ಯ ಮಾಡುವ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ಮದುವೆಯ ಚಪ್ಪರದಲ್ಲೇ ಶುರುವಾದದ್ದು. ಕೆಟ್ಟು ನಿಂತಿದ್ದ ಪೆಟ್ರೋಮ್ಯಾಕ್ಸ್ ದೀಪವನ್ನು ಬಾಸಿಂಗ ಕಟ್ಟಿಕೊಂಡೇ ಸರಿಮಾಡಿದಿರಲ್ಲ, ಆಗ ನಮ್ಮಪ್ಪ ನಿಮ್ಮನ್ನು ನೋಡಿದ ನೋಟವಿದೆಯಲ್ಲ, ಆ ನೋಟಕ್ಕಾಗಿ ನಾನು ಇಪ್ಪತ್ತೆಂಟು ವರ್ಷ ಈ ಮನೆಯಲ್ಲಿ ಕಾದಿದ್ದೆ. ನನಗೆ ಸಿಕ್ಕದ್ದು ನಿಮಗೆ ಒಂದು ಗಳಿಗೆಯಲ್ಲಿ ಸಿಕ್ಕಿತು.

ಮೂರು ವರ್ಷದ ಹಿಂದೆ ನಮ್ಮ ಕೊಬ್ಬರಿ ಸಾಗಿಸುವ ಹಳೇ ವ್ಯಾನಿನ ಸ್ಟೇರಿಂಗ್ ಬಿಗಿದುಕೊಂಡದ್ದು ನಿಮಗೆ ನೆನಪಿರಬೇಕು. ತಪ್ಪು ನನ್ನದೇ. ಮನೆಯಲ್ಲಿ ಡಬ್ಬಗಟ್ಟಲೆ ಕೊಬ್ಬರಿ ಎಣ್ಣೆ ಇರುವಾಗ ಗ್ರೀಸು ಯಾಕೆ ಎಂದುಕೊಂಡು, ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಬಾಲ್ ಜಾಯಿಂಟಿಗೆ ವರ್ಷಗಟ್ಟಲೆ ಅದನ್ನೇ ಬಿಟ್ಟಿದ್ದೆ. ಚಳಿಗಾಲದಲ್ಲಿ ಅದು ಗಟ್ಟಿಯಾಗಿ, ಧೂಳು ಕುಡಿದು, ಅಂಟಾಗಿ, ಒಳಗೆಲ್ಲ ತುಕ್ಕು ಹಿಡಿದಿತ್ತು. ಹೊಸ ಜಾಯಿಂಟನ್ನೇನೋ ತಿಪಟೂರಿನಿಂದ ತಂದೆ. ಹಳೆಯದು ಬಿಟ್ಟುಕೊಡಬೇಕಲ್ಲ! ಎರಡು ದಿನ ಕಣದಲ್ಲಿ ಮಲಗಿ ಅದರ ಬೋಲ್ಟಿನ ತುದಿಗೆ ಬಡಿದೆ. ತುದಿ ಚಪ್ಪಟೆಯಾಯಿತೇ ಹೊರತು ಅದು ಮಿಸುಕಲಿಲ್ಲ. ಅಪ್ಪ ಜಗಲಿಯಿಂದ ನೋಡುತ್ತಿದ್ದರು.

ಮೂರನೆಯ ದಿನ ಗಿರಿಜೆಯನ್ನು ಕರೆದುಕೊಂಡು ನೀವು ಮಾಯಸಂದ್ರದಿಂದ ಬಂದಿರಿ. ಅವಳಿಗೆ ಏಳು ತಿಂಗಳು, ತಿಪಟೂರಿನ ಡಾಕ್ಟರಿಗೆ ತೋರಿಸಬೇಕಿತ್ತು. ನೀವು ಪಂಚೆ ಎತ್ತಿ ಕಟ್ಟಿ ವ್ಯಾನಿನಡಿ ತೂರಿದವರು ಮೂಸಿ ನೋಡಿ ನಕ್ಕಿರಿ. "ಏನ್ ಭಾವ, ಒಗ್ಗರಣೆ ಒಂದು ಬಾಕಿ ಇಟ್ಟಿದೀರಲ್ಲ!" ಅಪ್ಪ ಗಟ್ಟಿಯಾಗಿ ನಕ್ಕರು. ನನಗೆ ಮೈ ಉರಿಯಿತು.

ನೀವು ಬೋಲ್ಟನ್ನು ಮುಟ್ಟಲೇ ಇಲ್ಲ. ಅದು ಕೂತಿದ್ದ ತೋಳಿನ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆ ಆನಿಸಿ ಹಿಡಿದು, ಇನ್ನೊಂದು ಪಕ್ಕಕ್ಕೆ ಸಣ್ಣ ಸುತ್ತಿಗೆಯಲ್ಲಿ ಕೊಟ್ಟಿರಿ. ಮೂರನೇ ಏಟಿಗೆ ಟಪ್ಪೆಂದು ಕಳಚಿಕೊಂಡಿತು. "ನೋಡ್ಲಾ ವೀರಭದ್ರ, ಕೈ ಅಂದ್ರೆ ಅದು ಕಣ್ಲಾ," ಅಂದರು ಅಪ್ಪ.

ಹೊಸದನ್ನು ಕೂರಿಸಿ ನಟ್ಟನ್ನು ಕೈಯಲ್ಲಿ ತಿರುಗಿಸುವಷ್ಟರಲ್ಲಿ ಅವ್ವ ಊಟಕ್ಕೆ ಕೂಗಿದಳು. ಅಳಿಯ ಎಲೆಯ ಮುಂದೆ ಕೂರದೆ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಬೀಳುವುದಿಲ್ಲ. "ಭಾವ, ನಟ್ಟು ಬಿಗಿ ಮಾಡಿ ಪಿನ್ನೊಂದು ಹಾಕ್ಬುಡಿ," ಎಂದು ನೀವು ಎದ್ದು ಹೋದಿರಿ. ಒಳಗಿನಿಂದ ಅಪ್ಪನ ದನಿ, "ಅಳಿಯಂದಿರಿಗೆ ತುಪ್ಪ ಬಡ್ಸೇ." ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಆ ಪಿನ್ನನ್ನು ಕೈಯಲ್ಲಿ ಹಿಡಿದು ನಾನು ಕೂತೆ. ಹೊಗಳಿಕೆ ಅವರಿಗೆ, ಉಳಿದ ಚಾಕರಿ ನನಗೋ? ಬೇಕಾದರೆ ಬಂದು ಅವರೇ ಹಾಕಿಕೊಳ್ಳಲಿ ಎಂದು, ನಟ್ಟನ್ನೂ ಬಿಗಿಯದೆ ಪಿನ್ನನ್ನು ಜೇಬಿಗೆ ಹಾಕಿಕೊಂಡೆ. ಊಟ ಮುಗಿಸಿ ಬಂದ ನೀವು ಕೇಳಿದಿರಿ, "ಆಯ್ತಾ ಭಾವ?" ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ, ಇವತ್ತಿಗೂ ತಿಳಿಯದು.

ನೀವು ಗಾಡಿ ಎತ್ತಿದಿರಿ. ಪಕ್ಕದಲ್ಲಿ ಅಪ್ಪ, ಹಿಂದೆ ಗಿರಿಜೆ. ನಾನು ಬಾಯಿ ತೆರೆದೆ. ಅವ್ವ ತಡೆದಳು, "ಹೊರಟೋರ್ನ ಹಿಂದಿಂದ ಕೂಗ್ಬಾರ್ದು ಕಣಪ್ಪ." ಆ ಶಾಸ್ತ್ರ ಒಂದು ಕ್ಷಣ ನನಗೆ ಅನುಕೂಲವಾಗಿ ಕಂಡಿತು, ಪರಮಶಿವಯ್ಯನವರೇ. ಗಿರಿಜೆಯ ಹೊಟ್ಟೆ ಕಣ್ಣ ಮುಂದೆ ಬಂದಾಗ ಮಾತ್ರ ಕಾಲು ತಾನಾಗಿ ಓಡಿತು. ತೆಂಗಿನ ತೋಟಗಳ ನಡುವೆ ಬೇಲಿ ಹಾರಿ, ಮುಳ್ಳು ಗೀರಿಸಿಕೊಂಡು ಕೆರೆ ಏರಿಗೆ ಬಂದರೆ, ವ್ಯಾನು ಅದಾಗಲೇ ನಿಂತಿತ್ತು. ಸ್ಟೇರಿಂಗ್ ಆಟ ಹೆಚ್ಚಿದ್ದು ನಿಮ್ಮ ಕೈಗೆ ಗೊತ್ತಾಗಿತ್ತು. ನಟ್ಟು ಕೊನೆಯ ಎರಡು ಸುತ್ತಿನಲ್ಲಿ ನೇತಾಡುತ್ತಿತ್ತು. ಆ ಕಡೆ ಏರಿಯ ಕೆಳಗೆ ತುಂಬು ನೀರು.

ಅಪ್ಪ ಕೇಳಿದರು, "ಪಿನ್ ಎಲ್ಲೋಯ್ತು?" ನೀವು ನನ್ನ ಮುಖ ನೋಡಿದಿರಿ. ಆಮೇಲೆ, "ನಾನೇ ಮರ್ತೆ ಮಾವ," ಅಂದಿರಿ. ಬಸುರಿ ಮಗಳನ್ನು ಕೂರಿಸಿಕೊಂಡು ಹೀಗಾ ಎಂದು ಅಪ್ಪ ನಡುದಾರಿಯಲ್ಲಿ ನಿಮ್ಮನ್ನು ಬಾಯಿಗೆ ಬಂದಂತೆ ಬೈದರು. ಪಿನ್ನು ನನ್ನ ಜೇಬಿನಲ್ಲೇ ಇತ್ತು. ನಿಜ ಬರೆಯುತ್ತಿದ್ದೇನೆ, ನನ್ನ ಹೊಟ್ಟೆ ತಣ್ಣಗಾಯಿತು.

ಅಂದಿನಿಂದ ಅಪ್ಪ ನಿಮ್ಮನ್ನು ವ್ಯಾನಿನ ಹತ್ತಿರ ಬಿಟ್ಟಿಲ್ಲ. ನೀವು ಬಂದರೆ ಉಪಚಾರದ ಎರಡು ಮಾತು, ಅಷ್ಟೆ. ಮೊನ್ನೆ ಇನ್ನೊಂದು ಚಕ್ರದ ಜಾಯಿಂಟೂ ಹಿಡಿದುಕೊಂಡಿತು. ನಾನು ನಿಮ್ಮ ಹಾಗೆಯೇ ಎರಡು ಸುತ್ತಿಗೆ ಹಿಡಿದು ಬಿಡಿಸಿದೆ. ಅಪ್ಪ ನನ್ನ ಬೆನ್ನು ತಟ್ಟಿ ಹೇಳಿದರು, "ನನ್ ಮಗ ಕಣ್ಲಾ ನೀನು. ಅಳಿಯಂದಿರಂಗೆ ಪಿನ್ ಮರೆಯೋನಲ್ಲ." ಮೂವತ್ತಕ್ಕೂ ಹೆಚ್ಚು ವರ್ಷ ಬಯಸಿದ ಮಾತು ಕೊನೆಗೂ ಬಂತು. ಆ ರಾತ್ರಿ ಊಟ ಬಿಟ್ಟು ಕಾಗದ, ಪೆನ್ನು ಹುಡುಕಿದೆ.

ಅದಕ್ಕೇ ಈ ಪತ್ರ. ಸುಳ್ಳು ಹೇಳಿ ನನ್ನನ್ನು ಉಳಿಸಿದಿರಲ್ಲ, ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚೇ. ಅದೂ ನಿಮ್ಮ ಪಾಲಿಗೇ ಹೋಯಿತು.

ಇಷ್ಟು ಬರೆದು, ಅಂಚೆಗೆ ಹಾಕುವ ಮುಂಚೆ ಜಗಲಿಯಲ್ಲಿ ಕೂತು ಅಪ್ಪನಿಗೆ ಓದಿ ಹೇಳಿದೆ. ಬಡಿಯಲಿ ಎಂದು ಕಾದೆ. ಬೈಯಲಿ ಎಂದು ಕಾದೆ. ಕೊನೆಗೆ ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಅಳಿಯಂದಿರ್ನ ಬರೋಕೇಳು," ಅಂದರು. ಅಷ್ಟೇ. ನನಗೆಂದು ಒಂದು ಬೈಗುಳವೂ ಇಲ್ಲ.

ಬನ್ನಿ. ಗಿರಿಜೆಯನ್ನೂ ಮಗುವನ್ನೂ ಕರೆದುಕೊಂಡು ಬನ್ನಿ. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ. ಬಾಗಿಲಲ್ಲಿ ನಿಮಗಾಗಿ ಕಾಯುತ್ತಿರುವವರು ಅಪ್ಪ. ಅವರ ಹಿಂದೆ ನಿಂತಿರುತ್ತೇನೆ,

ನಿಮ್ಮ ಭಾವ,
ವೀರಭದ್ರಯ್ಯ