ಸೋಮವಾರ ಹೂಡಿದ ಎತ್ತು

ಹಿರೇಬೆಂಡಿಗೇರಿಯ ಗುತ್ತೆವ್ವ ಅವರಿಗೆ, ನಿಮ್ಮ ಕೈಯ ಜೋಳದ ರೊಟ್ಟಿಯ ಗುಂಗಿನಿಂದ ಇನ್ನೂ ಹೊರಬರದ ಸವಣೂರಿನ ಪತ್ತೇದಾರ ಮಧ್ವೇಶನ ನಮಸ್ಕಾರಗಳು.

ನೀವು ಬಸ್ಸಿಳಿದು ನನ್ನನ್ನು ಹುಡುಕಿಕೊಂಡು ಬಂದ ದಿನ ನಾನು ಏಣಿ ಹತ್ತಿ ಬಾಗಿಲ ಮೇಲಿನ ಬೋರ್ಡು ಬಿಚ್ಚುತ್ತಿದ್ದೆ. ಇಪ್ಪತ್ತೆರಡು ವರ್ಷ ಮದುವೆ ಗಂಡುಗಳ ಹಿಂದೆ ಅಲೆದು, ಯಾರು ಕುಡಿಯುತ್ತಾರೆ, ಯಾರ ನೌಕರಿ ಸುಳ್ಳು ಎಂದು ಬರೆದುಕೊಟ್ಟು ಸಾಕಾಗಿತ್ತು. ಕೊಲೆ ಕೇಸು ನನ್ನ ಕೈಲಾಗದು ಎಂದೆ. ನೀವು ವಾದ ಮಾಡದೆ ಏಣಿ ಹಿಡಿದು ನಿಂತಿರಿ. ನಾನು ಕೆಳಗಿಳಿದ ಮೇಲೆ ಹೇಳಿದಿರಿ: "ದಿನಾ ಮುಂಜಾನೆ ನನ್ನ ಮಗ ಪೇಪರ್ ಓದಿ ಹೇಳ್ತಿದ್ನರಿ. ಮೂರು ತಿಂಗಳಾತು, ಮನ್ಯಾಗ ದನೀನ ಇಲ್ಲ."

ಆ ಮಾತಿಗೆ ನಾನು ಸೋತೆ.

ನೆರೆಹೊಲದ ಮಹಾಲಿಂಗಪ್ಪನನ್ನು ಕೊಡಲಿಯಿಂದ ಕೊಂದನೆಂದು ನಿಮ್ಮ ಮೈಲಾರಿಯನ್ನು ಜೈಲಿಗೆ ಹಾಕಿದ್ದರು. ಕಣ್ಣಾರೆ ಕಂಡೆ ಎಂದವನು ಹುಲಗೇಶ ಒಬ್ಬನೇ. ನಾನೋ ದೊಡ್ಡ ಪತ್ತೇದಾರನ ಹಾಗೆ ಟೇಪು ಹಿಡಿದು ಹೊಲ ಅಳೆದೆ, ಬದುವಿನ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ, ಕೊನೆಗೆ ಮೆಣಸಿನ ಗಿಡಗಳ ನಡುವೆ ಜಾರಿಬಿದ್ದೆ. ನೀವು ಸೆರಗು ಅಡ್ಡ ಹಿಡಿದು ನಕ್ಕಿದ್ದು ನನಗೆ ಕಂಡಿತ್ತು ಬಿಡಿ.

ನಾಲ್ಕನೆಯ ದಿನ ಏನೂ ತೋಚದೆ, ನಿಮ್ಮ ಒಲೆಯ ಪಕ್ಕ ಕೂತು ಹುಲಗೇಶನ ಹೇಳಿಕೆಯನ್ನು ಗಟ್ಟಿಯಾಗಿ ಓದಿದೆ. ಅದನ್ನು ನಿಮಗೆ ಅದುವರೆಗೆ ಯಾರೂ ಓದಿ ಹೇಳಿರಲಿಲ್ಲ. ಓದಿ ಹೇಳುವವನೇ ಜೈಲಿನಲ್ಲಿದ್ದ. ಸೋಮವಾರ ಬೆಳಿಗ್ಗೆ ಎತ್ತು ಹೂಡಿ ಕುಂಟೆ ಹೊಡೆಯುವಾಗ ಮೈಲಾರಿ ಓಡಿದ್ದನ್ನು ಕಂಡೆ ಎಂಬಲ್ಲಿಗೆ ಬಂದಾಗ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಸೋಮವಾರ ಬಸವಣ್ಣನ ವಾರರಿ. ನಮ್ಮೂರಾಗ ಯಾರೂ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ."

ಹತ್ತು ಸಲ ಓದಿದ್ದ ನನಗೂ, ಬೇರೆ ಸೀಮೆಯಿಂದ ಬಂದ ಪೊಲೀಸರಿಗೂ ಅದು ಹೊಳೆದಿರಲಿಲ್ಲ. ಹೊಲದಲ್ಲಿ ತಾನು ಯಾಕಿದ್ದೆ ಎಂಬುದಕ್ಕೆ ಹುಲಗೇಶನಿಗೆ ಒಂದು ನೆಪ ಬೇಕಿತ್ತು. ಗಾಬರಿಯಲ್ಲಿ, ಉಳಿದ ಆರು ದಿನ ಮಾಡುವ ಕೆಲಸವನ್ನೇ ಸೋಮವಾರವೂ ಮಾಡುತ್ತಿದ್ದೆ ಎಂದುಬಿಟ್ಟಿದ್ದ. ಪೊಲೀಸರು ಮತ್ತೆ ಕರೆಸಿ ಕೇಳಿದಾಗ, ನೀರಿನ ಪಾಳಿಯ ಜಗಳದಲ್ಲಿ ತಾನೇ ಹೊಡೆದೆನೆಂದು ಒಪ್ಪಿಕೊಂಡ. ಅವನ ಹೊಟ್ಟಿನ ರಾಶಿಯಲ್ಲಿ ಕೊಡಲಿಯೂ ಸಿಕ್ಕಿತು.

ಮಗ ಬಿಡುಗಡೆಯಾದ ದಿನವೇ ನೀವು ಮಹಾಲಿಂಗಪ್ಪನ ಹೆಂಡತಿ ವೀರವ್ವನ ಬಳಿ ಹೋಗಿ ಸಂಜೆಯ ತನಕ ಕೂತಿದ್ದಿರಂತೆ. ಅದನ್ನು ಕೇಳಿ ನಿಮ್ಮ ಮೇಲಿನ ಗೌರವ ಇನ್ನಷ್ಟು ಹೆಚ್ಚಾಯಿತು.

ನನ್ನ ಬೋರ್ಡನ್ನು ಮತ್ತೆ ತೂಗುಹಾಕಿದ್ದೇನೆ. ಏಣಿ ಹಿಡಿಯಲು ಯಾರೂ ಇಲ್ಲದ್ದರಿಂದ ತುಸು ವಾಲಿದೆ. ಇರಲಿ, ಕೆಲಸದಲ್ಲಿ ಮತ್ತೆ ರುಚಿ ಹುಟ್ಟಿದೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಾಗದ ಬಂದರೆ ನೀವು ಅದನ್ನು ಯಾರ ಕೈಗೆ ಕೊಡುತ್ತೀರಿ ಎಂದು ನನಗೆ ಗೊತ್ತು. ಮೈಲಾರಿ, ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಇನ್ನೊಮ್ಮೆ ಓದಪ್ಪ. ಅವ್ವ ಕೇಳಲಿ.

ಆ ದನಿ ಕೇಳುತ್ತ ನೂರು ಕಾಲ ತಣ್ಣಗಿರಿ.

ನಿಮ್ಮ ರೊಟ್ಟಿಯ ಋಣದವ,
ಮಧ್ವೇಶ