ತೊಗರಿ ಬೇರಿನ ಗಂಟು

ರಂಗಂಪೇಟೆ, ೧೪ ಆಗಸ್ಟ್ ೧೯೯೧, ಬುಧವಾರ

ಅಂತೂ ತೊಗರಿ ಉಳಿಯಿತು. ಬೆಳಿಗ್ಗೆ ಅತ್ತೆ ಒಂದು ಗಿಡ ಕಿತ್ತು, ಬೇರಿನ ತುಂಬ ಗಂಟು ಕಂಡು ಹೆದರಿದರು. "ಬ್ಯಾನಿ ಬಿದ್ದೈತಿ. ಎಲ್ಲಾ ಹರಗಿ ನೆಲ್ಲು ಹಚ್ಚೂಣು, ಹ್ಯಾಂಗೂ ಕೆನಾಲ್ ನೀರು ಬಂದೈತಿ" ಎಂದರು. ನನ್ನ ಗಂಡ ಎತ್ತು ಹೂಡಿಯೇಬಿಟ್ಟರು.

ಮದುವೆಯಾಗಿ ಬಂದ ಮೇಲೆ ಅತ್ತೆಗೆ ನಾನು ಎದುರು ಮಾತಾಡಿದ್ದು ಇದೇ ಮೊದಲು. "ತಡೀರಿ" ಎಂದು ಒಂದು ಗಂಟನ್ನು ಉಗುರಿನಿಂದ ಸೀಳಿದೆ. ಒಳಗೆ ನೆತ್ತರಿನಂತೆ ಕೆಂಪು, ಶಾಲೆಯಲ್ಲಿ ಓದಿದ ಹಾಗೆಯೇ.

"ಬ್ಯಾನಿ ಅಲ್ರಿ ಅತ್ತಿ. ಈ ಗಂಟಿನಾಗ ಮಣ್ಣಾಗಿನ ಸಣ್ಣ ಜೀವ ಇರ್ತಾವು. ಗಾಳಿಯಿಂದ ಗೊಬ್ಬರ ಮಾಡಿ ಗಿಡಕ್ಕ ಕೊಡ್ತಾವು."

"ಒಳಗ ಹ್ಯಾಂಗ ಹೊಕ್ಕವು?"

"ಬೇರು ತಾನ ಕರೀತೈತ್ರಿ. ಬಂದು ಬೇರಿನ ಕೂದಲಿಗೆ ಅಂಟ್ಕೊಂತಾವು. ಆ ಕೂದಲು ಸುತ್ತಿ ಹಿಡದು ಒಳಗ ಕರ್ಕೊಂತೈತಿ."

ಅತ್ತೆ ಗಂಟನ್ನು ಬೆರಳಿನಿಂದ ಸವರಿದರು. "ಕರದ್ರ ಬಂದಾವಲ್ಲ, ಇರಲಿ ಬಿಡು." ಆಮೇಲೆ ಮಗನಿಗೆ ಕೂಗಿದರು, "ಎತ್ತು ಬಿಚ್ಚೋ!"

ಈಗ ಕಣ್ಣು ಮುಚ್ಚಿದರೆ ಹೊಲದ ಕೆಳಗೆ ನೂಲಿಗಿಂತ ಸಣ್ಣ ಬೇರಿನ ಕೂದಲುಗಳು ಮೆಲ್ಲಗೆ ಸುರುಳಿ ಸುತ್ತುತ್ತವೆ. ಕೆನಾಲಿನ ನೀರು ಎಲ್ಲೋ ಹರಿಯುತ್ತಲೇ ಇದೆ. ಮಲಗುವ ಮುಂಚೆ ಅತ್ತೆ, "ನಾಳಿ ಹಿತ್ತಲದ ಅವರಿ ಬಳ್ಳಿ ಬೇರೂ ನೋಡೂಣು, ನೀ ಸಂಗಾಟ ಬಾ" ಎಂದರು. ಮೆಲ್ಲಗೆ ಅಗೆಯಬೇಕು, ನೀರು ಹಾಕಿ ಮಣ್ಣು ಮೆತ್ತಗಾದ ಮೇಲೆ, ಅತ್ತೆ ಒಂದು ಕಡೆ ಹಿಡಿದರೆ ನಾನು ಇನ್ನೊಂದು ಕಡೆ.