ಹಳೇ ಪ್ಲಗ್ಗು, ಹೊಸ ಡಬ್ಬಿ

ನಮ್ಮ ಮನೆ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಅಕ್ಕ ಹಾಸಿಗೆ ಬಿಟ್ಟು ಏಳದೆ, ಹೇಳಿದ ಮಾತು ಕೇಳಿಕೊಂಡು ಮಲಗಿದ್ದಾಳೆ ತಾನೆ? ಹೊಟ್ಟೆಯೊಳಗಿನ ಪುಣ್ಯಾತ್ಮ ಒದೆಯುವ ಜೋರು ನೋಡಿದರೆ ನಮ್ಮ ವಂಶದ್ದೇ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಅಪ್ಪ ಮೀಸೆಯಡಿ ನಕ್ಕ. ನನ್ನ ಪತ್ರ ಬಂದರೆ ನೀನು ಅಕ್ಕನ ಪಕ್ಕ ಕೂತು ಜೋರಾಗಿ ಓದಿ ಹೇಳುತ್ತೀಯಂತೆ. ಹಾಗಾಗಿ ಅವಳಿಗೆ ನಗು ಬರುವಂಥದ್ದನ್ನೇ ಬರೆಯಲು ಕೂತಿದ್ದೇನೆ. ನಗು ಬರದಿದ್ದರೆ ಸಿಟ್ಟಾಗಲಿ, ಆದರೆ ಮಲಗಿಕೊಂಡೇ ಸಿಟ್ಟಾಗಲಿ.

ಅಪ್ಪ ಹಾಗೇ ಇದ್ದಾನೆ. ತಟ್ಟೆಯ ಮುಂದೆ ಕೂರುತ್ತಾನೆ, ಕೋಳಿ ಕೆದಕಿದ ಹಾಗೆ ಕೆದಕಿ ಏಳುತ್ತಾನೆ. ಅವನ ಅಂಗಿಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಇನ್ನೊಮ್ಮೆ ಸಣ್ಣದು ಮಾಡಿ ಹೊಲಿದೆ. ಮನೆಯಲ್ಲೇ ದರ್ಜಿ ಇದ್ದರೆ ಅಷ್ಟು ಅನುಕೂಲ. ಮಂಗಳವಾರ ಎಂದಿನಂತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಈ ಸಲ ಡಾಕ್ಟರು ಸೂಜಿಯನ್ನೂ ಚುಚ್ಚದೆ ಬೇಗ ಕಳಿಸಿಕೊಟ್ಟರು. ಗಾಡಿ ಓಡಿಸುವುದು ನಾನೇ. ಆಯಸ್ಸೆಲ್ಲ ಟ್ಯಾಕ್ಸಿ ಓಡಿಸಿದ ಮನುಷ್ಯ ಪಕ್ಕದ ಸೀಟಿನಲ್ಲಿ ಕೂತರೆ ಓಡಿಸುವವರ ಪಾಡು ನಾಯಿಪಾಡು. ಪ್ರತಿ ತಿರುವಿಗೂ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಾನೆ. ಏರು ಹತ್ತುವಾಗ ಗಾಡಿ ಏದುಸಿರು ಬಿಟ್ಟಿತೋ, ತಕ್ಷಣ ಕಿವಿ ನೆಟ್ಟಗೆ. 'ಕೇಳಿಸ್ತಾ? ಕುಂಟ್ತಾ ಇದೆ. ಪೆಟ್ರೋಲು ಸುಮ್ನೆ ಕುಡೀತಿದೆ, ಸರಿಯಾಗಿ ಉರೀತಿಲ್ಲ. ಪ್ಲಗ್ ಬದಲಾಯಿಸ್ಬೇಕು' ಎನ್ನುತ್ತಾನೆ. ಅವನ ಎದೆಯೊಳಗಿನ ಶಬ್ದ ನನಗೆ ಕೇಳಿಸುತ್ತಿರುತ್ತದೆ. ಅದರ ಮಾತು ಎತ್ತುವ ಹಾಗಿಲ್ಲ.

ಅವತ್ತು ವಾಪಸು ಬರುವಾಗ ಬಿಡಿಭಾಗದ ಅಂಗಡಿಯ ಮುಂದೆ ಗಾಡಿ ನಿಲ್ಲಿಸು ಎಂದ. ನಾನು ಇಳಿಯುತ್ತೇನೆ ಎಂದರೂ ಕೇಳದೆ ತಾನೇ ಬಾಗಿಲು ಹಿಡಿದುಕೊಂಡು ಇಳಿದು, ನಾಲ್ಕು ಪ್ಲಗ್ ಕೊಂಡು ತಂದ. ಮೆಕ್ಯಾನಿಕ್ ಹತ್ತಿರ ಬಿಡೋಣ ಎಂದದ್ದಕ್ಕೆ ನನ್ನನ್ನು ನೋಡಿದ ನೋಟ ಇದೆಯಲ್ಲ, ಅಪ್ಪನ ಗಡ್ಡ ಬೋಳಿಸುವ ಕೆಲಸ ನಾಯಿಗೆ ಕೊಡೋಣ ಎಂದಿದ್ದರೂ ಹಾಗೆ ನೋಡುತ್ತಿರಲಿಲ್ಲ. ನಿನ್ನೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಪ್ಲಗ್ ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡ, ಒಮ್ಮೆ ತಿರುಗಿಸಲು ನೋಡಿದ. ಆಮೇಲೆ ಏನೂ ಆಗದವನಂತೆ ಅದನ್ನು ನನ್ನ ಕಡೆ ಚಾಚಿದ. ಪಾನಾ ಅಪ್ಪನನ್ನು ಸೋಲಿಸುವುದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು, ಅಮ್ಮಾ.

ಆಮೇಲೆ ಶುರುವಾಯಿತು ಪಾಠ. 'ವೈರು ಹಿಡಿದು ಎಳೀಬೇಡ, ಟೋಪಿ ಹಿಡಿದು ಎಳಿ. ಸುತ್ತಲಿನ ಧೂಳು ಒರಸು, ಒಳಗೆ ಬಿದ್ದರೆ ಎಂಜಿನ್ ಕತೆ ಮುಗೀತು. ಮೊದಲು ಕೈಯಲ್ಲಿ ತಿರುಗಿಸು, ತಾನಾಗೇ ಕೂತರೆ ಮಾತ್ರ ಪಾನಾ ಹಾಕು.' ಸೂಜಿಗೆ ದಾರ ಪೋಣಿಸುವವಳಿಗೆ ಇದೇನು ಮಹಾ ಎಂದು ನಾನೂ ಜಂಬ ಪಟ್ಟೆ. ಹಳೆಯದನ್ನು ಬಿಚ್ಚುವಷ್ಟರಲ್ಲಿ ಅವನಿಗೆ ಜೋಂಪು ಹತ್ತಿತು. ನಾನು ಸದ್ದಿಲ್ಲದೆ ಕಪಾಟಿನಿಂದ ಹೊಸ ಪ್ಲಗ್ಗಿನ ಡಬ್ಬಿಗಳನ್ನು ತಂದು ನಾಲ್ಕನ್ನೂ ಕೂರಿಸಿ, ಮೂಗಿನ ಮೇಲೆ ಮಸಿ ಬಳಿದುಕೊಂಡು, ಗೆದ್ದ ಪೈಲ್ವಾನನಂತೆ ಗಾಡಿ ಶುರು ಮಾಡಿದೆ.

ಗಾಡಿ ಮೊದಲಿಗಿಂತ ಜೋರಾಗಿ ನಡುಗಿತು! ಅಪ್ಪ ಎಚ್ಚರಾಗಿ, ಡಬ್ಬಿ ನೋಡಿ, ಕಪಾಟಿನ ಯಾವ ಖಾನೆಯಿಂದ ತಂದೆ ಎಂದು ಕೇಳಿದ. ಕೇಳಿದವನೇ ನಗಲು ಶುರು ಮಾಡಿದ. ನಿನ್ನ ಗಂಡನ ಬುದ್ಧಿ ನಿನಗೆ ಗೊತ್ತಲ್ಲ. ಪ್ಲಗ್ ಬದಲಾಯಿಸಿದಾಗಲೆಲ್ಲ ಹಳೆಯದನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಳೆಯುವಂತೆ ಮಾಡಿ, ಹೊಸದರ ಡಬ್ಬಿಗೇ ಹಾಕಿ ಇಡುತ್ತಾನೆ, ಆಪತ್ತಿಗೆ ಬೇಕಾಗುತ್ತೆ ಅಂತ. ನಾನು ಹಾಕಿದ್ದು ಹಿಂದಿನ ಸಲ ಬಿಚ್ಚಿಟ್ಟ ಮುದಿ ಪ್ಲಗ್ಗುಗಳು. ನನ್ನ ಗುಂಡಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಇರುವುದರಿಂದ ನಾನು ಬಾಯಿ ಮುಚ್ಚಿಕೊಳ್ಳಬೇಕಾಯಿತು. ಅಪ್ಪ ನಕ್ಕು ನಕ್ಕು, ಕೆಮ್ಮು ಹತ್ತಿ, ಕುರ್ಚಿಯ ತೋಳು ಹಿಡಿದು ಬಾಗಿದ. ಬೆನ್ನು ನೀವಿದೆ. ಕೈಗೆ ಬರೀ ಮೂಳೆ ಸಿಕ್ಕಿತು.

ಎಂಜಿನ್ ತಣ್ಣಗಾಗುವವರೆಗೆ ಕಾದು ಎಲ್ಲವನ್ನೂ ಬಿಚ್ಚಿ ನಿಜವಾದ ಹೊಸದನ್ನು ಹಾಕಿದೆ. ಮೊದಲು ಬಿಚ್ಚಿದ್ದ ನಾಲ್ಕನ್ನು ಅಪ್ಪ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಮೂರರ ತುದಿ ಬರೀ ಸವೆದಿತ್ತು. ಒಂದು ಮಾತ್ರ ಎಣ್ಣೆಯಲ್ಲಿ ಅದ್ದಿದಂತೆ ಕಪ್ಪಗೆ ಒದ್ದೆಯಾಗಿತ್ತು. 'ಇಲ್ಲಿ ಎಂಜಿನ್ ಒಳಗಡೇನೇ ಸವೆದಿದೆ. ಪ್ಲಗ್ ಹಾಕಿದ್ರೆ ಸ್ವಲ್ಪ ದಿನ ಓಡುತ್ತೆ, ಆಮೇಲೆ ಮತ್ತೆ ಇದೇ ಗತಿ' ಎಂದು ಹೇಳಿ ಅದನ್ನು ಬಟ್ಟೆಯಲ್ಲಿ ಒರಸಿದ. ಡಬ್ಬಿಗೆ ಹಾಕಲಿಲ್ಲ, ಕಸದ ಬುಟ್ಟಿಗೆ ಹಾಕಿದ. ಅಪ್ಪ ಒಂದು ಪ್ಲಗ್ ಎಸೆದದ್ದನ್ನು ನೀನು ಎಂದಾದರೂ ಕಂಡಿದ್ದೀಯಾ?

ಸಂಜೆ ಏರು ಹತ್ತಿಸಿ ನೋಡಿದೆವು. ಗಾಡಿ ಒಂದು ಕೆಮ್ಮೂ ಇಲ್ಲದೆ ಹತ್ತಿತು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಪೆಟ್ರೋಲಿನ ಮುಳ್ಳು ಮೊದಲಿನ ಹಾಗೆ ದಬಕ್ಕನೆ ಇಳಿಯುವುದಿಲ್ಲ. ನಾನು ಖುಷಿಪಡಬೇಕಿತ್ತು. ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅಕ್ಕನ ಹೊಟ್ಟೆಗೆ ನನ್ನ ಪರವಾಗಿ ಮೆಲ್ಲಗೆ ಒಂದು ಏಟು ಕೊಡು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ಎಲ್ಲರ ತಟ್ಟೆ ತೊಳೆದ ಮೇಲೆ ಅಲ್ಲ. ಕೆಳಗೆ ಅಪ್ಪ ಒಂದು ಸಾಲು ಬರೆಯುತ್ತಾನಂತೆ, ಜಾಗ ಬಿಟ್ಟಿದ್ದೇನೆ.

ನಿನ್ನ,
ಗೊಣಗಮ್ಮ

ಗಾಡಿ ಸರಿಯಾಗಿದೆ. ಮಗಳು ಚೆನ್ನಾಗಿ ಓಡಿಸ್ತಾಳೆ, ಹೆದರಬೇಡ.

ತಾ.ಕ.: ಅಮ್ಮಾ, ಈ ಚೀಟಿಯನ್ನು ಅಕ್ಕನಿಗೆ ಓದಿ ಹೇಳಬೇಡ. ಅವಳಿಗೆ ಗಾಬರಿಯಾಗಬಾರದೆಂದೇ ಫೋನ್ ಮಾಡಲಿಲ್ಲ. ಅಂಚೆಡಬ್ಬದ ಹತ್ತಿರ ನಿಂತು ಗೀಚುತ್ತಿದ್ದೇನೆ. ಇನ್ನು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಬರುವುದು ಬೇಡ, ಮನೆಯಲ್ಲೇ ನೋವಾಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಮಂಗಳವಾರ ಹೇಳಿಬಿಟ್ಟರು. ಅಪ್ಪನ ಎದುರಿಗೇ ಹೇಳಿದರು. ಅದನ್ನು ಕೇಳಿಸಿಕೊಂಡ ಮೇಲೇ ಅವನು ಪ್ಲಗ್ ಕೊಂಡದ್ದು. ಪಾನಾ ತಿರುಗಿಸುತ್ತಾ ಕೇಳಿದೆ, 'ಆಸ್ಪತ್ರೆಗೇ ಹೋಗೋದಿಲ್ಲ ಅಂದ ಮೇಲೆ ಇದೆಲ್ಲ ಯಾಕಪ್ಪಾ?' ಅಂತ. 'ನಿಮ್ಮಮ್ಮನ್ನ ಕರ್ಕೊಂಡು ಬರೋವಾಗ ಗಾಡಿ ದಾರೀಲಿ ನಿಂತುಬಿಟ್ರೆ?' ಅಂದ. ಭಾವನಿಗೆ ಕೆಲಸದ ಜಾಗಕ್ಕೇ ಫೋನ್ ಮಾಡಿ ತಿಳಿಸಿದ್ದೇನೆ, ಅಕ್ಕನನ್ನು ನೋಡಿಕೊಳ್ಳಲು ಅವರ ತಂಗಿ ಬರುತ್ತಾಳೆ. ಅಪ್ಪನ ಜೊತೆ ಪಕ್ಕದ ಮನೆ ನರ್ಸಮ್ಮ ಇರುತ್ತಾರೆ. ಗುರುವಾರ ಬರುತ್ತೇನೆ, ಬಟ್ಟೆ ಕಟ್ಟಿಟ್ಟುಕೊಂಡಿರು. ನಾನು ಒಳಗೆ ಬಂದು ಕೂರುವುದಿಲ್ಲ. ಬಾಗಿಲ ಮುಂದೆ ಗಾಡಿ ಆರಿಸದೆ ನಿಂತಿರುತ್ತೇನೆ. ಪೆಟ್ರೋಲು ಎಷ್ಟಾದರೂ ಉರಿಯಲಿ.